ಬೆಸ್ಸಿಯ ಭಟ್ಟಿಯ ಹೊಗೆ

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತೇವೆ, ಸಿನಿಮಾಕ್ಕೆ ಬರೆಯುತ್ತೇವೆ, ಒಂದು ಗುಟುಕು ವಿಸ್ಕಿಗೆ ಬರೆದರೆ ತಪ್ಪೇನು ಅಂತ ಕೇಳಿದವಳು ನನ್ನ ಮಗಳು. "ಬರೆಯೋಕೆ ಮೊದಲು ಕುಡಿಯಬೇಕಲ್ಲೇ" ಅಂದುಬಿಟ್ಟೆ. ಆ ಮಾತೇ ನನಗೆ ಮುಳುವಾಯಿತು.

ಅವಳಿಗೆ ಗ್ಲಾಸ್ಗೋದಲ್ಲಿ ಕೆಲಸ. 2023ರ ಬೇಸಿಗೆ ರಜೆಯಲ್ಲಿ ಹೋಗಿದ್ದಾಗ ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ಐಲ ಎಂಬ ದ್ವೀಪಕ್ಕೆ ಕರೆದುಕೊಂಡು ಹೋದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರೆ 'ಇಸ್ಲೇ' ಅನ್ನಬೇಕು, ಅಲ್ಲಿಯವರು 'ಐಲ' ಅನ್ನುತ್ತಾರೆ. ಮೂವತ್ತು ವರ್ಷ ಮಕ್ಕಳ ಸ್ಪೆಲ್ಲಿಂಗ್ ತಿದ್ದಿದ ನನಗೆ ಮೊದಲ ಪೆಟ್ಟು ಅಲ್ಲೇ ಬಿತ್ತು. ಪೋರ್ಟ್ ಎಲೆನ್ ಎಂಬ ಪುಟ್ಟ ಊರಿನಿಂದ ಸಮುದ್ರದ ಪಕ್ಕದ ದಾರಿ ಹಿಡಿದರೆ ಮೂರು ಮೈಲಿಯೊಳಗೆ ಮೂರು ಭಟ್ಟಿಗಳು: ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್. ನಮ್ಮಲ್ಲಿ ಒಂದೇ ಬೀದಿಯಲ್ಲಿ ಮೂರು ಗುಡಿ ಇರುವ ಹಾಗೆ. ನಾವು ಹೊಕ್ಕದ್ದು ಮೊದಲನೆಯದು. ಸುಣ್ಣ ಬಳಿದ ಬಿಳಿ ಗೋಡೆಯ ಮೇಲೆ, ಸಮುದ್ರದಿಂದಲೇ ಓದಿಕೊಳ್ಳಲಿ ಅನ್ನುವಷ್ಟು ದೊಡ್ಡ ಕಪ್ಪು ಅಕ್ಷರದಲ್ಲಿ ಹೆಸರು ಬರೆದಿದ್ದರು.

ಒಳಗೆ ಹೋದಾಗ ನನಗೆ ಆಶ್ಚರ್ಯವಾದದ್ದು ಅಲ್ಲಿಯ ಕೆಲಸ ಎಷ್ಟು ಪರಿಚಿತ ಎನ್ನುವುದು. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಕೂಸಿಗೆ ಸರಿ ಮಾಡುತ್ತೇವಲ್ಲ, ಮಾಲ್ಟ್ ಅಂದರೆ ಅದೇ. ಅವರದು ಬಾರ್ಲಿ. ನೆನೆದ ಕಾಳನ್ನು ದೊಡ್ಡ ಹಜಾರದ ನೆಲದ ಮೇಲೆ ಹರಡಿ, ಬಿಸಿಯೇರದ ಹಾಗೆ, ಬೇರು ಹೆಣೆದುಕೊಳ್ಳದ ಹಾಗೆ ಆಗಾಗ ಮಗುಚುತ್ತಾರೆ. ಬೇಕಾದ ಮಾಲ್ಟಿನಲ್ಲಿ ಸ್ವಲ್ಪ ಪಾಲು ಮಾತ್ರ ಹೀಗೆ ಮನೆಯದು, ಉಳಿದದ್ದು ಹೊರಗಿನದು. ಒಣಗಿಸುವಾಗ ಕೆಳಗೆ ಪೀಟ್ ಉರಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಪಾಚಿ, ಹುಲ್ಲು, ಗಿಡ ಅರ್ಧಂಬರ್ಧ ಕೊಳೆತು ಕೂತ ಕರಿಮಣ್ಣು. ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಬೆರಣಿಯ ಹಾಗೆ ಒಲೆಗಿಡುತ್ತಾರೆ. ಅದರ ಹೊಗೆಯಲ್ಲಿ ಫಿನಾಲ್ ಇರುತ್ತದೆ. ಒದ್ದೆ ಕಾಳು ಅದನ್ನು ಹೀರಿಕೊಂಡುಬಿಡುತ್ತದೆ. ಬೀಸಿ, ಬಿಸಿನೀರಲ್ಲಿ ಸಿಹಿ ಇಳಿಸಿ, ಯೀಸ್ಟ್ ಹಾಕಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿದರೂ ಆ ವಾಸನೆ ಹೋಗುವುದಿಲ್ಲ. ಇಳಿದು ಬರುವುದು ನೀರಿನಷ್ಟು ತಿಳಿ. ಬಣ್ಣ ಬರುವುದು ಮುಖ್ಯವಾಗಿ ಮರದಿಂದ. ಅಮೆರಿಕದ ಬೂರ್ಬನ್ ತುಂಬಿಟ್ಟಿದ್ದ ಓಕ್ ಪೀಪಾಯಿಯಲ್ಲಿ ಹತ್ತು ವರ್ಷ ಮಲಗಿಸುತ್ತಾರೆ. (ಬಣ್ಣ ಸಾಲದಿದ್ದರೆ ಕ್ಯಾರಮೆಲ್ ಸೇರಿಸಲು ಸ್ಕಾಚ್ ಕಾನೂನಿನಲ್ಲಿ ಅವಕಾಶವಿದೆ. ಇದನ್ನು ಯಾರೂ ದೊಡ್ಡ ಗಂಟಲಲ್ಲಿ ಹೇಳುವುದಿಲ್ಲ.) ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋಗುವುದಕ್ಕೆ ದೇವದೂತರ ಪಾಲು ಅಂತ ಚಂದದ ಹೆಸರು.

ಭಟ್ಟಿ ಶುರುವಾದದ್ದು 1815ರಲ್ಲಿ, ಡೊನಾಲ್ಡ್ ಮತ್ತು ಅಲೆಕ್ಸಾಂಡರ್ ಜಾನ್‌ಸ್ಟನ್ ಎಂಬ ಅಣ್ಣತಮ್ಮಂದಿರಿಂದ. 1847ರಲ್ಲಿ ಡೊನಾಲ್ಡ್ ತೀರಿಕೊಂಡದ್ದು ತನ್ನದೇ ಭಟ್ಟಿಯ ಕೊಪ್ಪರಿಗೆಗೆ ಬಿದ್ದು. ಈ ಕಥೆಗೆ ಪ್ರವಾಸಿಗರು ನಗುತ್ತಾರೆ. ಕೊಪ್ಪರಿಗೆಗೆ ಬೀಳದೆಯೂ ಅದರಲ್ಲಿ ಮುಳುಗಿದವರ ಮನೆಯಿಂದ ಬಂದ ನನಗೆ ನಗು ಬರಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ, ಅಯೋಡಿನ್ ವಾಸನೆಯ ಈ ವಿಸ್ಕಿಯನ್ನು ಔಷಧಿ ಎಂದು ಒಪ್ಪಿಸಿ ಒಳಗೆ ಬಿಡಿಸಿಕೊಂಡರಂತೆ. ನನ್ನ ಅಪ್ಪನೂ ಕೆಮ್ಮಿಗೆ ಒಳ್ಳೆಯದು ಅನ್ನುತ್ತಿದ್ದರು. 1994ರಿಂದ ಇನ್ನೊಂದು ಆಟ ಇದೆ: ಬಾಟಲಿ ಕೊಂಡವರ ಹೆಸರಿಗೆ ಒಂದು ಚದರ ಅಡಿ ಜಾಗ ಬರೆದುಕೊಡುತ್ತಾರೆ, ಬಂದಾಗ ಬಾಡಿಗೆಯೆಂದು ಒಂದು ಗುಟುಕು ಹಾಕುತ್ತಾರೆ. ಸೈಟಿನ ಆಸೆ ಯಾರನ್ನು ಬಿಟ್ಟಿದೆ ಹೇಳಿ! ಇವೆಲ್ಲ ವ್ಯಾಪಾರದ ಜಾಣತನ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

ಆಕೆಯ ಹೆಸರು ಬೆಸ್ಸಿ ವಿಲಿಯಮ್ಸನ್. 1932ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದವಳು. ಆಗಬೇಕೆಂದಿದ್ದದ್ದು ಟೀಚರ್! 1934ರ ಬೇಸಿಗೆಯಲ್ಲಿ ಶಾರ್ಟ್‌ಹ್ಯಾಂಡ್ ಟೈಪಿಸ್ಟಾಗಿ ತಾತ್ಕಾಲಿಕ ಕೆಲಸಕ್ಕೆ ಈ ದ್ವೀಪಕ್ಕೆ ಬಂದಳು. 'ತಾತ್ಕಾಲಿಕ' ಎಂಬ ಪದದ ರುಚಿ ಟೀಚರುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಯಜಮಾನ ಇಯಾನ್ ಹಂಟರ್ ಜಾನ್‌ಸ್ಟನ್ ಮನೆತನದ ಕೊನೆಯ ಕೊಂಡಿ, ಭಟ್ಟಿಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡದ ಮನುಷ್ಯ. 1938ರಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಹೊಣೆ ಒಂದೊಂದಾಗಿ ಆಕೆಯ ಕೈಗೆ ಬಂತು. ಯುದ್ಧಕಾಲದಲ್ಲಿ ಸೈನ್ಯದವರು ಅಲ್ಲಿ ಮದ್ದುಗುಂಡು ತುಂಬಿಟ್ಟಾಗಲೂ ಕಾದವಳು ಆಕೆಯೇ. 1954ರಲ್ಲಿ ಹಂಟರ್ ತೀರಿಕೊಂಡಾಗ ಮಕ್ಕಳಿರಲಿಲ್ಲ, ಉಯಿಲಿನಲ್ಲಿ ಭಟ್ಟಿ ಬೆಸ್ಸಿಗೆ ಬಂತು. 20ನೆಯ ಶತಮಾನದಲ್ಲಿ ಸ್ಕಾಚ್ ಭಟ್ಟಿಗೆ ಒಡತಿಯಾಗಿ ತಾನೇ ನಡೆಸಿದ ಹೆಂಗಸು ಯಾರೆಂದರೆ ಈಕೆಯ ಹೆಸರನ್ನೇ ಹೇಳುತ್ತಾರೆ. ಹಳೆಯ ಕಟ್ಟಡಕ್ಕೆ ದುಡ್ಡು ಬೇಕಿತ್ತು. ಅರವತ್ತರ ದಶಕದಲ್ಲಿ ಕಂತು ಕಂತಾಗಿ ಅಮೆರಿಕನ್ನರ ಕಂಪನಿಗೆ ಮಾರಿದಳು, ಆದರೆ ಆಡಳಿತ ಬಿಡಲಿಲ್ಲ. 1972ರಲ್ಲಿ ನಿವೃತ್ತಿ, 1982ರಲ್ಲಿ ಸಾವು. ಮಾರಿದ್ದನ್ನು ಸೋಲು ಅನ್ನುವವರಿರಬಹುದು. ನಾನು ಅನ್ನಲಾರೆ. ಮನೆತನದ ಹೆಮ್ಮೆಗೆ ಅಂಟಿಕೊಂಡು ಗೋಡೆ ಬೀಳಿಸಿಕೊಳ್ಳುವ ಗಂಡಸರನ್ನು ಕಂಡಿದ್ದೇನೆ.

ಕೊನೆಗೆ ಗ್ಲಾಸು ಬಂತು. ಹತ್ತು ವರ್ಷದ್ದು, ತಿಳಿ ಚಿನ್ನದ ಬಣ್ಣ. ಮೂಗಿನ ಹತ್ತಿರ ತಂದವಳು ಹಾಗೇ ನಿಂತೆ. ಹೂವು, ಜೇನು ಅಂತ ಪಟ್ಟಿ ಮಾಡುವ ರಸಿಕರು ಕ್ಷಮಿಸಲಿ. ಅದು ಜಿಲ್ಲಾ ಆಸ್ಪತ್ರೆಯ ಗಂಡಸರ ವಾರ್ಡು. ಫಿನೈಲು ಒರೆಸಿದ ನೆಲ, ಟಿಂಚರು, ಬ್ಯಾಂಡೇಜು. 1989ರಲ್ಲಿ ಅಪ್ಪ ಕೊನೆಯ ಮೂರು ವಾರ ಮಲಗಿದ್ದು ಅಲ್ಲಿ, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ, ಅಮ್ಮನಿಗೆ ಅದರಿಂದ ಏನೂ ಆಗಬೇಕಾದ್ದಿರಲಿಲ್ಲ.

ಮಗಳು "ಬೇಡ ಬಿಡಮ್ಮ" ಅಂದಳು. ವಿಮರ್ಶೆಗೆ ಕೂತವಳು ಪುಸ್ತಕ ಓದದೆ ಎದ್ದರೆ ಹೇಗೆ? ಎರಡು ಹನಿ ನೀರು ಹಾಕಿ ಒಂದು ಗುಟುಕು ಕುಡಿದೆ. ನಾಲಿಗೆಗೆ ಮೊದಲು ಸಿಹಿ, ಅನಿರೀಕ್ಷಿತವಾದ ಸಿಹಿ, ಹಾಲಿನ ಕೆನೆಯಂಥದ್ದು. ಅದರ ಹಿಂದೆಯೇ ಉಪ್ಪು, ಮೆಣಸಿನ ಖಾರ. ಆಮೇಲೆ ಹೊಗೆ ಬಂತು. ಆಸ್ಪತ್ರೆಯ ವಾಸನೆಯನ್ನು ಬದಿಗೆ ಸರಿಸಿ, ಬಚ್ಚಲ ಹಂಡೆಯ ಒಲೆಯ ಹೊಗೆ, ಎಣ್ಣೆ ನೀರಾದ ಕೂಸಿಗೆ ಸಾಂಬ್ರಾಣಿ ಹಿಡಿದ ಹೊಗೆ ಗಂಟಲಲ್ಲಿ ಬಹಳ ಹೊತ್ತು ಕೂತಿತು. ನುಂಗಿಯಾದ ಮೇಲೂ ಮುಗಿಯಲೊಲ್ಲದು.

ಒಳ್ಳೆಯದೇ ಅಂತ ಕೇಳಿದರೆ, ಹೌದು, ಒಳ್ಳೆಯ ಕೆಲಸ. ಯಾರನ್ನೂ ಮೆಚ್ಚಿಸಲು ತನ್ನ ಒರಟನ್ನು ಮುಚ್ಚಿಟ್ಟುಕೊಂಡಿಲ್ಲ. ಇಷ್ಟವಾಯಿತೇ ಅಂದರೆ ಉತ್ತರ ಬೇರೆ. ಅರ್ಧ ಗ್ಲಾಸು ಹಾಗೇ ಉಳಿಯಿತು, ಮಗಳು ಕುಡಿದಳು. ಅವಳು ನಿಧಾನವಾಗಿ, ಆಡಿಸಿ ಆಡಿಸಿ ಕುಡಿಯುವುದನ್ನು ನೋಡುತ್ತಾ ನನ್ನ ಹೊಟ್ಟೆಯಲ್ಲಿ ಎದ್ದ ಹೆದರಿಕೆಯನ್ನು ಅವಳಿಗೆ ಹೇಳಲಿಲ್ಲ.

ವಾಪಸು ಹಡಗಿನಲ್ಲಿ ಕೂತಾಗಲೂ ಶಾಲಿನಲ್ಲಿ ಆ ಹೊಗೆಯಿತ್ತು. "ಅಜ್ಜನಿಗೆ ಇದು ಹಿಡಿಸುತ್ತಿತ್ತಾ?" ಅಂತ ಕೇಳಿದಳು.

"ಗೊತ್ತಾಗುತ್ತಿರಲಿಲ್ಲ" ಅಂದೆ. "ಅವರು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು."