ಮೌಸ್ ಡಬ್ಬಿಯ ಮೇಲಿನ ಅಂಕಿ

ಹಾಸನದ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಮೌಸ್ ಕೇಳಿ ನೋಡಿ. ಡಬ್ಬಿಯ ಮೇಲೆ ಎದ್ದು ಕಾಣುವುದು ಡಿಪಿಐ ಅಂಕಿ: 1000, 1600, 3200. ಅಂಕಿ ದೊಡ್ಡದಾದಷ್ಟೂ ಮೌಸ್ ಒಳ್ಳೆಯದು ಎಂಬ ಭಾವನೆ ಬರುವಂತೆ ಅದನ್ನು ಮುದ್ರಿಸಿರುತ್ತಾರೆ. ಶಾಲೆಯ ಕಂಪ್ಯೂಟರ್ ಕೊಠಡಿಯ ಮಟ್ಟಿಗೆ ಈ ಭಾವನೆ ತಪ್ಪು.

ಮೌಸನ್ನು ಒಂದು ಅಂಗುಲ ಸರಿಸಿದಾಗ ಅದು ಕಂಪ್ಯೂಟರಿಗೆ ಕಳಿಸುವ ಎಣಿಕೆಗಳ ಸಂಖ್ಯೆಯೇ ಡಿಪಿಐ. ಪರದೆಯ ಅಗಲ 1920 ಪಿಕ್ಸೆಲ್ ಎನ್ನಿ. ಒಂದು ಎಣಿಕೆಗೆ ಬಾಣ ಒಂದು ಪಿಕ್ಸೆಲ್ ಸರಿಯುವಂತಿದ್ದರೆ, 800 ಡಿಪಿಐ ಮೌಸ್ ಪರದೆಯನ್ನು ದಾಟಲು 2.4 ಅಂಗುಲ, ಅಂದರೆ ಸುಮಾರು 6 ಸೆಂ.ಮೀ. ಚಲಿಸಬೇಕು. 3200 ಆದರೆ ಒಂದೂವರೆ ಸೆಂ.ಮೀ. ಸಾಕು! ಈಗಷ್ಟೇ ಮೌಸ್ ಹಿಡಿಯಲು ಕಲಿಯುತ್ತಿರುವ ಮಗುವಿಗೆ ಬಾಣವನ್ನು ಒಂದೆಡೆ ನಿಲ್ಲಿಸುವುದೇ ಕಷ್ಟವಾಗುತ್ತದೆ. (ವೇಗವನ್ನು ಕಂಪ್ಯೂಟರಿನಲ್ಲೇ ತಗ್ಗಿಸಬಹುದು, ನಿಜ. ಹಾಗಾದರೆ ದೊಡ್ಡ ಅಂಕಿಗೆ ಹೆಚ್ಚು ಹಣ ತೆತ್ತದ್ದೇಕೆ?)

ಡಬ್ಬಿ ಹೇಳದ ಸಂಗತಿಗಳೇ ನಮಗೆ ಮುಖ್ಯ. ಮೌಸ್ ಸಾಮಾನ್ಯವಾಗಿ ಕೆಡುವುದು ಎರಡು ಕಡೆ: ಎಡಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚಿನಲ್ಲಿ, ಮತ್ತು ತಂತಿ ಮೌಸಿನೊಳಗೆ ಹೋಗುವ ಜಾಗದಲ್ಲಿ. ಸ್ವಿಚ್ಚಿನೊಳಗಿನ ಲೋಹದ ಪಟ್ಟಿ ಸವೆದರೆ ಒಮ್ಮೆ ಒತ್ತಿದ್ದು ಎರಡು ಬಾರಿ ಒತ್ತಿದಂತೆ ದಾಖಲಾಗುತ್ತದೆ. ಒಂದೇ ಕಂಪ್ಯೂಟರಿನ ಮುಂದೆ ಮೂವರು ಮಕ್ಕಳು ಕುಳಿತಿದ್ದರೆ ಮೂವರ ಪಾಠವೂ ಹೋಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಸುಮಾರು 30ರಿಂದ 40 ಕಿ.ಮೀ. ಖಾತರಿ ಇದೆಯೆಂದು ಬದಲಾಯಿಸಿಕೊಳ್ಳಲು ಹೊರಟರೆ ಬಸ್ ಖರ್ಚು, ಒಂದು ದಿನದ ರಜೆ ಎರಡೂ ಸೇರಿ ಅಗ್ಗದ ಮೌಸ್ ದುಬಾರಿಯಾಗುತ್ತದೆ. ನಾಲ್ಕು ಕಾಸು ಹೆಚ್ಚಾದರೂ ನಿಮ್ಮ ತಾಲ್ಲೂಕು ಕೇಂದ್ರದಲ್ಲೇ ಕೊಳ್ಳಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಪೈಂಟ್ ತೆರೆದು ನಿಧಾನವಾಗಿ ಒಂದು ಓರೆಗೆರೆ ಎಳೆಯಿರಿ. ಗೆರೆ ನಡುವೆ ಜಿಗಿದರೆ ಆ ಮೌಸ್ ಬೇಡ. ಆದರೆ ಅಂಗಡಿಯಲ್ಲಿ ಸರಿಯಿದ್ದದ್ದು ಶಾಲೆಯಲ್ಲಿ ತಡವರಿಸಿದರೆ? ಆಪ್ಟಿಕಲ್ ಮೌಸ್ ತನ್ನ ಅಡಿಯ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಚಿತ್ರಿಸಿ, ಚಿತ್ರಗಳನ್ನು ಹೋಲಿಸಿ ಚಲನೆಯನ್ನು ತಿಳಿಯುತ್ತದೆ. ಗಾಜಿನ ಮೇಲೆ, ನುಣುಪಾದ ಸನ್‌ಮೈಕಾ ಮೇಲೆ ಅದಕ್ಕೆ ಗುರುತುಗಳೇ ಸಿಗದಿರಬಹುದು. ಹಳೆಯ ನೋಟ್ ಪುಸ್ತಕದ ರಟ್ಟನ್ನು ಕೆಳಗಿಟ್ಟು ನೋಡಿ.

ನಿಸ್ತಂತು ಮೌಸ್ ಮನೆಗಿರಲಿ. ಅದರ ಬೆರಳುಗುರಿನಷ್ಟು ರಿಸೀವರ್ ಶಾಲೆಯಲ್ಲಿ ಕಳೆದುಹೋಗಲು ಬಹಳ ದಿನ ಬೇಡ. ಪಕ್ಕದ ಹೆಚ್ಚುವರಿ ಗುಂಡಿಗಳೂ ಬೇಡ. 1964ರಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಮರದಲ್ಲಿ ತಯಾರಾದ ಮೊದಲ ಮೌಸಿಗೆ ಇದ್ದದ್ದು ಒಂದೇ ಗುಂಡಿ. ಬಲಗೈಗೆ ಹೊಂದುವಂತೆ ಬಾಗಿದ ಮೌಸ್ ಮಾತ್ರ ಖಂಡಿತ ಬೇಡ. ನಿಮ್ಮ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಮಕ್ಕಳು ಎಷ್ಟು ಮಂದಿ ಎಂದು ಮೊದಲು ಎಣಿಸಿ.