ಶಬ್ದಾನ್ವೇಷಣೆಯೂ ಪಾಠವಿವೇಕವೂ

“ಈ ಶಬ್ದವು ಈ ಗ್ರಂಥದಲ್ಲಿ ಎಲ್ಲಿಯೂ ಬಂದಿಲ್ಲ” ಎಂಬ ಮಾತು ವಿದ್ವಾಂಸರ ವಾದಗಳಲ್ಲಿ ಆಗಾಗ ಕೇಳಿಬರುವಂಥದು. ಕೃತಿಯ ಕಾಲವನ್ನಾಗಲಿ ಕರ್ತೃವನ್ನಾಗಲಿ ನಿರ್ಣಯಿಸುವಲ್ಲಿ ಎಷ್ಟೋ ವೇಳೆ ಇಡೀ ವಾದವು ಈ ಒಂದು ಮಾತಿನ ಮೇಲೆಯೇ ನಿಂತಿರುತ್ತದೆ. ಹಿಂದೆ ಇದನ್ನು ಹೇಳಬೇಕಾದರೆ ಗ್ರಂಥವನ್ನು ಆದ್ಯಂತವಾಗಿ ಹಲವು ಸಲ ಓದಿರಬೇಕಾಗಿತ್ತು. ಇಂದು ಗಣಕಯಂತ್ರಕ್ಕೆ ಒಂದು ಸಾಲಿನ ಆದೇಶವನ್ನು ಬರೆದುಕೊಟ್ಟರೆ ಕ್ಷಣಮಾತ್ರದಲ್ಲಿ ಉತ್ತರ ದೊರೆಯುತ್ತದೆ. ಆ ಉತ್ತರವನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಗ್ರಹಿಸಬಹುದು ಎಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪುಣೆಯಲ್ಲಿ ನೆಲಸಿರುವ ನಮಗೆ ಶಬ್ದಾನ್ವೇಷಣೆಯ ಹಳೆಯ ಪರಿಶ್ರಮವು ಅಪರಿಚಿತವಲ್ಲ. ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಕೈಗೊಂಡ ಮಹಾಭಾರತದ ಪರಿಷ್ಕರಣವು ೧೯೬೬ರಲ್ಲಿ ಮುಗಿಯಿತು. ಅದರ ಬೆನ್ನಿಗೇ, ೧೯೬೭ರಿಂದ ೧೯೭೨ರ ವರೆಗೆ, ಶ್ಲೋಕಪಾದಗಳ ಪ್ರತೀಕಸೂಚಿಯು ಆರು ಸಂಪುಟಗಳಲ್ಲಿ ಹೊರಬಂದಿತು. ಡೆಕ್ಕನ್ ಕಾಲೇಜಿನಲ್ಲಿ ೧೯೪೮ರಲ್ಲಿ ಡಾ. ಕತ್ರೆಯವರು ಆರಂಭಿಸಿದ ಸಂಸ್ಕೃತ ಮಹಾಕೋಶಕ್ಕಾಗಿ ಸುಮಾರು ಒಂದು ಕೋಟಿ ಚೀಟಿಗಳು ಸಿದ್ಧವಾದುವು. ಇಂಥ ಚೀಟಿಯ ಹಿಂದೆ ಆ ವಾಕ್ಯವನ್ನು ಓದಿದ ಒಬ್ಬ ಮನುಷ್ಯನಿರುತ್ತಾನೆ. ಇದು ಆ ಕ್ರಮದ ಹಿರಿಮೆ. ಆದರೆ ಪ್ರತೀಕಸೂಚಿಯಲ್ಲಿ ಪಾದದ ಮೊದಲು ಗೊತ್ತಿದ್ದರೆ ಮಾತ್ರ ಪಾದವು ಸಿಕ್ಕೀತು. ನಡುವಿನ ಶಬ್ದವನ್ನು ಹಿಡಿದು ಹುಡುಕುವವನಿಗೆ ಅದರಿಂದ ಪ್ರಯೋಜನವಿಲ್ಲ.

ಈ ಕೊರತೆಯನ್ನು ತುಂಬಿದ ಉಪಕರಣವು ಗಣಿತದಿಂದ ಬಂದಿತು. ೧೯೫೬ರಲ್ಲಿ ಪ್ರಕಟವಾದ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞರ ಪ್ರಬಂಧದಲ್ಲಿದ್ದ ಕಲ್ಪನೆಯನ್ನು ಕೆನ್ ಥಾಂಪ್ಸನ್ ಅವರು ೧೯೬೮ರಲ್ಲಿ ಬರಹದ ಹುಡುಕಾಟಕ್ಕೆ ಅಳವಡಿಸಿದರು. ೧೯೭೩ರ ಹೊತ್ತಿಗೆ ಬೆಲ್ ಪ್ರಯೋಗಶಾಲೆಯ ಯೂನಿಕ್ಸ್ ವ್ಯವಸ್ಥೆಯಲ್ಲಿ ‘ಗ್ರೆಪ್’ ಎಂಬ ಆದೇಶವು ಸೇರಿತು. ಕಡತವನ್ನು ಸಾಲುಸಾಲಾಗಿ ನೋಡಿ, ಕೊಟ್ಟ ಸೂತ್ರಕ್ಕೆ ಹೊಂದುವ ಸಾಲುಗಳನ್ನು ಮಾತ್ರ ಮುಂದಿಡುವುದು ಅದರ ಕೆಲಸ. ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಕರೆಯುವ ಈ ಸೂತ್ರದಲ್ಲಿ ಬಿಂದುವು ಯಾವುದಾದರೂ ಒಂದು ಸಂಕೇತವನ್ನು ಸೂಚಿಸುತ್ತದೆ. ಚೌಕ ಆವರಣದೊಳಗಿನವುಗಳಲ್ಲಿ ಯಾವುದೊಂದಾದರೂ ಸಲ್ಲುತ್ತದೆ. ಪ್ರಶ್ನಾರ್ಥಕ ಚಿಹ್ನೆಯು ತನ್ನ ಹಿಂದಿನದನ್ನು ವಿಕಲ್ಪವಾಗಿಸುತ್ತದೆ. ವ್ಯಾಕರಣಸೂತ್ರಗಳನ್ನು ಬಲ್ಲವರಿಗೆ ಈ ಸಂಕ್ಷೇಪವು ಹೊಸದೆನಿಸದು. ಕ್ಯೋಟೊದ ತೊಕುನಾಗ ಅವರು ಗಣಕಕ್ಕೆ ಇಳಿಸಿ ಕೇಂಬ್ರಿಜ್ಜಿನ ಜಾನ್ ಸ್ಮಿತ್ ಅವರು ತಿದ್ದಿದ ಮಹಾಭಾರತದ ಪಾಠದಲ್ಲಿ ಇಂದು ಪಾದದ ನಡುವಿನ ಶಬ್ದವನ್ನೂ ಹುಡುಕಬಹುದು. ಕನ್ನಡನಾಡಿನ ಗ್ರಂಥಾಲಯಗಳಿಂದ ದೂರವಿರುವ ನಮ್ಮಂಥವರಿಗೆ ಇಂಥ ಕಡತಗಳು ದೊಡ್ಡ ಉಪಕಾರವೇ ಸರಿ.

ಆದರೆ ಕನ್ನಡಕ್ಕೆ ಬಂದೊಡನೆ ಎಚ್ಚರವು ಇಮ್ಮಡಿಯಾಗಬೇಕು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ; ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸಮೂಹ. ಆದುದರಿಂದ ಬಿಂದುವನ್ನು ಒಂದು ಅಕ್ಷರವೆಂದು ತಿಳಿದು ಛಂದಸ್ಸಿನ ಗಣನೆಗೆ ಹೊರಟರೆ ಎಡವುವುದು ನಿಶ್ಚಯ. ಇದೇ ಗುಣವು ಕೆಲವೆಡೆ ಅನುಕೂಲವೂ ಹೌದು. ಅಕ್ಕಮಹಾದೇವಿಯ ಅಂಕಿತವನ್ನು ‘ಚೆನ್ನಮಲ್ಲಿಕಾರ್ಜುನ’ ಎಂದೂ ‘ಚನ್ನಮಲ್ಲಿಕಾರ್ಜುನ’ ಎಂದೂ ಬರೆಯುವುದುಂಟು. ‘ಚೆ?ನ್ನಮಲ್ಲಿಕಾರ್ಜುನ’ ಎಂಬ ಸೂತ್ರದಲ್ಲಿ ವಿಕಲ್ಪವಾಗುವುದು ಎತ್ವ ಮಾತ್ರ, ಚಕಾರವಲ್ಲ. ಎರಡು ರೂಪಗಳೂ ಒಟ್ಟಿಗೆ ದೊರೆಯುತ್ತವೆ. ಇನ್ನು ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆದರೂ ಗ್ರೆಪ್‌ಗೆ ಅವು ಬೇರೆ ಬೇರೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿರುವ ಕಡತಗಳಲ್ಲಂತೂ ಯೂನಿಕೋಡಿನ ಸೂತ್ರಕ್ಕೆ ಏನೂ ಸಿಕ್ಕದು.

ಇವೆಲ್ಲ ಲಿಪಿಯ ತೊಡಕುಗಳು. ಭಾಷೆಯ ತೊಡಕು ಇನ್ನೂ ಆಳವಾದುದು. ‘ಹಳಗನ್ನಡ’ ಎಂಬ ಶಬ್ದವನ್ನು ಕವಿರಾಜಮಾರ್ಗದಲ್ಲಿ ಅದೇ ರೂಪದಲ್ಲಿ ಹುಡುಕಿದರೆ ಸಿಗದು, ಅಲ್ಲಿರುವುದು ‘ಪೞಗನ್ನಡ’. ಪಕಾರವು ಹಕಾರವಾದುದನ್ನೂ ೞಕಾರವು ಳಕಾರದಲ್ಲಿ ಲೀನವಾದುದನ್ನೂ ಬಲ್ಲವನು ‘[ಪಹ][ಳೞ]ಗನ್ನಡ’ ಎಂದು ಸೂತ್ರವನ್ನು ಕಟ್ಟುತ್ತಾನೆ. ಆಗಲೂ ‘ಹಳೆಗನ್ನಡ’ವು ತಪ್ಪಿಸಿಕೊಳ್ಳುತ್ತದೆ. ‘ಕಾಲ’ ಎಂದು ಹುಡುಕಿದರೆ ಆದೇಶಸಂಧಿಯಾದ ‘ಮಳೆಗಾಲ’ವು ಬಾರದು, ‘ಆನೆಯ ಕಾಲ ಕೆಳಗೆ’ ಎಂಬಲ್ಲಿನ ಕಾಲು ಮಾತ್ರ ಕರೆಯದೆ ಬರುತ್ತದೆ. ಷಟ್ಪದಿಯಲ್ಲಿ ಶಬ್ದವು ಒಂದು ಪಾದದ ಕೊನೆಯಲ್ಲಿ ಒಡೆದು ಮುಂದಿನ ಪಾದದಲ್ಲಿ ಮುಗಿಯುವುದು ಸಾಮಾನ್ಯ. ಸಾಲುಸಾಲಾಗಿ ನೋಡುವ ಗ್ರೆಪ್‌ಗೆ ಅದು ಕಾಣುವುದೇ ಇಲ್ಲ. ರೞ-ಕುಳ-ಕ್ಷಳಗಳ ಭೇದವನ್ನು ವಿವರಿಸಿದ ಕೇಶಿರಾಜನು ಯಂತ್ರಕ್ಕೆ ಗೊತ್ತಿಲ್ಲ. ಸೂತ್ರವನ್ನು ಬರೆಯುವವನಿಗೆ ಗೊತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪಾಠದ ಪ್ರಶ್ನೆ. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚಾದುದೂ, ೧೯೯೮ರಲ್ಲಿ ಕರ್ನಾಟಕ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡುದೂ, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿದುದೂ ವಾಚಕರಿಗೆ ವಿದಿತವೇ ಆಗಿದೆ. ಅಂಥ ಪಾಠವೊಂದು ಕಡತವಾಗಿ ಕೈಸೇರಿದರೆ, ಅದರಲ್ಲಿ ಬಸವಣ್ಣನವರ ಅಂಕಿತವನ್ನು ಹುಡುಕಿದವನಿಗೆ ಏನು ಸಿಕ್ಕೀತು? ಸೂತ್ರವೂ ನಿರ್ದುಷ್ಟ, ಯಂತ್ರವೂ ನಿರ್ದುಷ್ಟ. ಫಲಿತಾಂಶ ಮಾತ್ರ ಬಸವಣ್ಣನವರದಲ್ಲ. ಹುಡುಕಾಟವು ಉತ್ತರಿಸುವುದು ಕಡತವನ್ನು ಕುರಿತು, ಕವಿಯನ್ನು ಕುರಿತು ಅಲ್ಲ.

ಹೀಗಿರಲು ಈ ಉಪಕರಣವನ್ನು ತೊರೆಯಬೇಕೆಂದು ನನ್ನ ಅಭಿಪ್ರಾಯವಲ್ಲ. “ಇದೆ” ಎಂಬ ಉತ್ತರವನ್ನು ಸಾಲನ್ನು ತೆರೆದು ಪರೀಕ್ಷಿಸಬಹುದು. “ಇಲ್ಲ” ಎಂಬ ಉತ್ತರದಲ್ಲಿ ತೆರೆದು ನೋಡಲು ಏನೂ ಇರುವುದಿಲ್ಲ. ಆದಕಾರಣ, ಶಬ್ದಸಂಖ್ಯೆಯನ್ನಾಗಲಿ ಶಬ್ದದ ಅಭಾವವನ್ನಾಗಲಿ ಆಧಾರವಾಗಿ ಹಿಡಿಯುವ ಲೇಖಕರು ಮೂರು ವಿಷಯಗಳನ್ನು ತಪ್ಪದೆ ತಿಳಿಸುವುದು ಉಚಿತ: ಯಾವ ಸಂಪಾದಕರ ಯಾವ ಮುದ್ರಣದ ಪಾಠ, ಕಡತವು ಯಾವ ಅಕ್ಷರವಿನ್ಯಾಸದಲ್ಲಿದೆ, ಹುಡುಕಿದ ಸೂತ್ರ ಯಾವುದು. ಅಷ್ಟನ್ನು ಕೊಟ್ಟರೆ ಇನ್ನೊಬ್ಬರು ಅದೇ ದಾರಿಯಲ್ಲಿ ನಡೆದು ತಪ್ಪನ್ನು ತೋರಿಸಬಲ್ಲರು. ಭಾಂಡಾರಕರ ಮಂದಿರದ ಸಂಪಾದಕರು ತಾವು ಸ್ವೀಕರಿಸದ ಪಾಠಾಂತರಗಳನ್ನೂ ಪುಟದ ಅಡಿಯಲ್ಲಿ ಅಚ್ಚುಹಾಕಿಸಿದುದು ಇದೇ ಧರ್ಮವನ್ನು ಅನುಸರಿಸಿ.