ರಂಗವಿಮರ್ಶೆಯಲ್ಲಿ ಪ್ರಾಶ್ನಿಕರ ಅಧಿಕಾರ

ಒಂದೇ ನಾಟಕಪ್ರಯೋಗವನ್ನು ಒಂದೇ ರಾತ್ರಿ ನೋಡಿದ ಇಬ್ಬರು ವಿದ್ವಾಂಸರಲ್ಲಿ ಒಬ್ಬರು ಅದನ್ನು ಅಮೃತಪ್ರಾಯವೆಂದೂ ಮತ್ತೊಬ್ಬರು ಪರಿಹಾಸಾಸ್ಪದವೆಂದೂ ಹೇಳುವುದುಂಟು. ಇಬ್ಬರೂ ಸಹೃದಯರೇ ಆಗಿರುವಾಗ ಈ ವಿಸಂವಾದವು ಹೇಗೆ ಉಂಟಾಗುತ್ತದೆ, ಇದನ್ನು ನಿರ್ಣಯಿಸುವ ಕ್ರಮವಾವುದು ಎಂಬುದು ವಿಚಾರಾರ್ಹವಾಗಿದೆ.

ಕನ್ನಡನಾಡಿನಲ್ಲಿ ಈ ವಿವಾದವು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಬಲವಾಗಿ ತಲೆದೋರಿತು. ಒಂದು ಕಡೆ 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ, ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಮೊದಲಾದ ವೃತ್ತಿಮಂಡಳಿಗಳು. ಮತ್ತೊಂದು ಕಡೆ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಮೊದಲಾದ ವಿಲಾಸಿ ಸಂಘಗಳು, ಮತ್ತು ಟಿ. ಪಿ. ಕೈಲಾಸಂ (1884-1946) ಅವರ ಸಾಮಾಜಿಕ ನಾಟಕಗಳು. ವಿಮರ್ಶಕರೂ ಇದಕ್ಕನುಗುಣವಾಗಿ ಎರಡು ಪಂಗಡವಾದರು.

ಮೊದಲನೆಯ ಪಕ್ಷದವರ ವಾದವಿದು: ನಾಟ್ಯವೆಂಬುದು ಗೀತ, ವಾದ್ಯ, ಆಹಾರ್ಯ, ಅಭಿನಯಗಳೆಲ್ಲವೂ ಕೂಡಿದ ವಸ್ತು. ಸಂಗೀತವನ್ನೂ ವೇಷಭೂಷಣಗಳನ್ನೂ ತೆಗೆದರೆ ಉಳಿಯುವುದು ಬರಿಯ ಸಂಭಾಷಣೆ. ಅದನ್ನು ಮನೆಯ ಜಗಲಿಯ ಮೇಲೆಯೂ ಕೇಳಬಹುದು. ಜನರು ಹಾಡಿಗೆ ಮೆಚ್ಚಿ 'ಒನ್ಸ್ ಮೋರ್' ಎಂದು ಕೂಗುವುದೇ ಪ್ರಯೋಗಸಿದ್ಧಿಗೆ ಪ್ರಮಾಣ. ಎರಡನೆಯ ಪಕ್ಷದವರ ಉತ್ತರವಿದು: ಮಗನ ಶವದ ಮುಂದೆ ನಿಂತ ತಾಯಿಯು ಶೋಕಗೀತವನ್ನು ಮೂರು ಬಾರಿ ಹಾಡುವುದು ಅನೌಚಿತ್ಯದ ಪರಮಾವಧಿ. ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೇಳುವುದೇ ಸಿದ್ಧಿಯಲ್ಲದೆ ಕೂಗಾಟವು ಸಿದ್ಧಿಯಲ್ಲ.

ಇದು ಕೇವಲ ಮಾತಿನ ಜಗಳವಾಗಿ ಉಳಿಯಲಿಲ್ಲ. ಎರಡನೆಯ ಪಕ್ಷದ ಮತವು ವಿದ್ಯಾವಂತರಲ್ಲಿ ಬೇರೂರಿದಂತೆ ಕಂಪನಿ ನಾಟಕವು ಸಾಹಿತ್ಯವೇ ಅಲ್ಲವೆಂಬ ಭಾವನೆ ಹಬ್ಬಿತು. ಅಂತಹ ನಾಟಕಗಳನೇಕವು ಅಚ್ಚಿನ ಮುಖವನ್ನು ಕಾಣದೆ ನಟರ ಕಂಠದಲ್ಲಿಯೇ ಇದ್ದು ನಟರೊಡನೆಯೇ ಅಳಿದುವು. ವಿಮರ್ಶಕನ ಒಂದು ಮಾತಿನಿಂದ ಒಂದು ಕಲೆಯ ಸ್ಮೃತಿಯೇ ನಷ್ಟವಾಗಬಹುದಾದುದರಿಂದ ಆ ಮಾತಿನ ಅಧಿಕಾರವನ್ನು ಪರೀಕ್ಷಿಸುವುದು ಆವಶ್ಯಕವಾಗಿದೆ.

ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಈ ವಿಷಯವನ್ನೇ ವಿಚಾರಿಸಿರುವನು. ಅವನ ಮತದಲ್ಲಿ ಸಿದ್ಧಿಯು ಎರಡು ವಿಧ: ಮಾನುಷೀ, ದೈವೀ. ಮಂದಹಾಸ, ಅಟ್ಟಹಾಸ, ಸಾಧುವಾದ, ಉದ್ಘೋಷ, ರೋಮಾಂಚ, ಆಸನದಿಂದ ಏಳುವುದು, ವಸ್ತ್ರವನ್ನೂ ಉಂಗುರವನ್ನೂ ರಂಗಕ್ಕೆ ಎಸೆಯುವುದು ಮೊದಲಾದುವು ಮಾನುಷಿಯ ಲಕ್ಷಣಗಳು. ಸಭೆಯು ತುಂಬಿದ್ದು, ಶಬ್ದವಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದಿರುವುದು ದೈವಿಯ ಲಕ್ಷಣ. ಹೀಗಿರಲು ಮೊದಲನೆಯ ಪಕ್ಷದವರು ಕೂಗನ್ನೂ ಎರಡನೆಯ ಪಕ್ಷದವರು ಮೌನವನ್ನೂ ಹಿಡಿದು ಹೋರಾಡಿದುದು ಒಂದೇ ಸಿದ್ಧಿಯ ಎರಡು ಮುಖಗಳನ್ನು ಕುರಿತು ಎಂಬುದು ಸ್ಪಷ್ಟವಾಗುತ್ತದೆ. ಶಾಸ್ತ್ರಕಾರನು ಒಂದನ್ನು ಹಿಡಿದು ಮತ್ತೊಂದನ್ನು ತಳ್ಳಲಿಲ್ಲ.

ಅದೇ ಅಧ್ಯಾಯದಲ್ಲಿ ವಿವಾದನಿರ್ಣಯಕ್ಕಾಗಿ 10 ಮಂದಿ ಪ್ರಾಶ್ನಿಕರು ವಿಹಿತರಾಗಿರುವರು: ಯಜ್ಞವಿದ, ನರ್ತಕ, ಛಂದೋವಿದ, ಶಬ್ದವಿದ, ರಾಜ, ಧನುರ್ವಿದ, ಚಿತ್ರಕಾರ, ವೇಶ್ಯೆ, ಗಾಂಧರ್ವ, ರಾಜಸೇವಕ. ಛಂದಸ್ಸನ್ನು ಬಲ್ಲವನು ವೃತ್ತವನ್ನೂ, ಚಿತ್ರಕಾರನು ನೇಪಥ್ಯವನ್ನೂ, ಗಾಂಧರ್ವನು ಸ್ವರತಾಲಗಳನ್ನೂ ಪರೀಕ್ಷಿಸತಕ್ಕವರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪಂಡಿತನಿಗೂ ವೇಶ್ಯೆಗೂ ಒಂದೇ ಪಂಕ್ತಿಯಲ್ಲಿ ಸ್ಥಾನವಿದೆ. ಆದರೆ ಒಬ್ಬನಿಗಾದರೂ ಸಮಗ್ರ ಪ್ರಯೋಗದ ಮೇಲೆ ತೀರ್ಪು ಕೊಡುವ ಅಧಿಕಾರವನ್ನು ಹೇಳಿಲ್ಲ. ಯಾವ ವಸ್ತುವೂ ಕೇವಲ ಗುಣಹೀನವೂ ಅಲ್ಲ, ದೋಷರಹಿತವೂ ಅಲ್ಲ, ಆದುದರಿಂದ ನಾಟ್ಯದಲ್ಲಿ ದೋಷಗಳನ್ನು ಅತಿಯಾಗಿ ಎಣಿಸಬಾರದೆಂದೂ ಮುನಿಯು ಎಚ್ಚರಿಸಿರುವನು.

ಅಧಿಕಾರವಿದ್ದ ಮಾತ್ರಕ್ಕೆ ತೀರ್ಪು ನಿರ್ದುಷ್ಟವಾಗುವುದೇ ಎಂದರೆ, ಇಲ್ಲವೆಂಬುದಕ್ಕೆ ಕಾಳಿದಾಸನ ಮಾಲವಿಕಾಗ್ನಿಮಿತ್ರವೇ ನಿದರ್ಶನ. ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡಿ ಅಗ್ನಿಮಿತ್ರನ ಬಳಿಗೆ ಬರುವರು. ಪರಿವ್ರಾಜಿಕೆಯಾದ ಕೌಶಿಕಿಯು ಪ್ರಾಶ್ನಿಕಳಾಗುವಳು. ನಾಟ್ಯದಲ್ಲಿ ಪ್ರಯೋಗವೇ ಪ್ರಧಾನ, ವಾಗ್ವಾದದಿಂದ ಫಲವಿಲ್ಲವೆಂದು ಆಕೆಯು ಹೇಳುವ ಮಾತು ಸರ್ವಥಾ ಯುಕ್ತವಾದುದು. ತಾನು ಬಲ್ಲವನಾಗಿದ್ದು ಶಿಷ್ಯರಿಗೂ ಕಲಿಸಬಲ್ಲವನೇ ಉತ್ತಮ ಗುರುವೆಂಬ ಲಕ್ಷಣವೂ ಹಾಗೆಯೇ. ಆದರೆ ಈ ಕಲಹವನ್ನು ಹುಟ್ಟಿಸಿದವನು ವಿದೂಷಕ. ಅದರ ಉದ್ದೇಶ ರಾಜನು ಮಾಲವಿಕೆಯನ್ನು ಕಾಣಬೇಕೆಂಬುದು. ಪಾತ್ರಗಳು ಅಲ್ಪ ನೇಪಥ್ಯದಿಂದ ಬರಲೆಂದು ಕೌಶಿಕಿಯು ವಿಧಿಸಿದ ನಿಯಮವೂ ಆ ಉದ್ದೇಶಕ್ಕೇ ಒದಗುತ್ತದೆ. ಎರಡನೆಯ ಅಂಕದಲ್ಲಿ ಮಾಲವಿಕೆಯ ಪ್ರಯೋಗ ಮುಗಿದೊಡನೆ ಮಧ್ಯಾಹ್ನವಾಯಿತೆಂದು ಸಭೆ ಏಳುತ್ತದೆ. ಹರದತ್ತನ ಪ್ರಯೋಗವು ನಾಟಕದಲ್ಲಿ ಎಲ್ಲಿಯೂ ತೋರಿಬರುವುದಿಲ್ಲ. ಆದರೂ ಮೂರನೆಯ ಅಂಕದ ಪ್ರವೇಶಕದಲ್ಲಿ ಗಣದಾಸನೇ ಮೇಲಾದನೆಂಬ ವಾರ್ತೆಯು ಪರಿಚಾರಿಕೆಯರ ಬಾಯಲ್ಲಿ ಕೇಳಿಬರುತ್ತದೆ. ಲಕ್ಷಣವು ಸರಿ, ಪ್ರಾಶ್ನಿಕಳು ಸಮರ್ಥಳು, ಶಿಷ್ಯೆಯೂ ನಿಪುಣೆ. ಆದರೂ ಓದುಗನ ಮನಸ್ಸಿನಲ್ಲಿ ಹರದತ್ತನಿಗೆ ನ್ಯಾಯ ದೊರೆಯಿತೆಂಬ ಸಮಾಧಾನವಿಲ್ಲ. ಮಹಾಕವಿಯು ನಗುನಗುತ್ತಲೇ ವಿಮರ್ಶಕರಿಗೆ ಕನ್ನಡಿಯನ್ನು ಹಿಡಿದಿರುವನು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ವಿಮರ್ಶಕನು ಮೊದಲು ತಾನು ಯಾವ ಅಂಗಕ್ಕೆ ಪ್ರಾಶ್ನಿಕನೆಂಬುದನ್ನು ಹೇಳಿಕೊಳ್ಳಬೇಕು. ವರದಾಚಾರ್ಯರ ಗಾನವನ್ನು ಗಾಂಧರ್ವನೂ, ಕೈಲಾಸಂ ಅವರ ಆಡುಮಾತನ್ನು ಶಬ್ದವಿದನೂ ಪರೀಕ್ಷಿಸಲಿ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ತಂದುದು ಉಚಿತವೋ ಅಲ್ಲವೋ ಎಂಬುದನ್ನು ಆಹಾರ್ಯವನ್ನು ಬಲ್ಲವನು ಹೇಳಲಿ. ಎರಡನೆಯದಾಗಿ, ಉಭಯ ಪಕ್ಷಗಳ ಪ್ರಯೋಗವನ್ನೂ ಕಣ್ಣಾರೆ ನೋಡದೆ ತಾರತಮ್ಯವನ್ನು ನುಡಿಯಬಾರದು. ಮೂರನೆಯದಾಗಿ, ತನ್ನ ತೀರ್ಪಿನಿಂದ ಯಾರ ಇಷ್ಟವು ನೆರವೇರುತ್ತದೆಂಬುದನ್ನು ತಾನೇ ಆಲೋಚಿಸಿಕೊಳ್ಳಬೇಕು.

ಶೋಕಗೀತವನ್ನು ಮೂರು ಬಾರಿ ಹಾಡಿದುದು ದೋಷವೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯ ಪಕ್ಷದ ಆ ಮಾತು ನಿಲ್ಲುತ್ತದೆ. ಆದರೆ ಆ ಒಂದು ದೋಷದಿಂದ ರಂಗಗೀತವೇ ಹೇಯವೆಂದು ಸಾಧಿಸಿದುದು ಅತಿವ್ಯಾಪ್ತಿ. ಹಾಡನ್ನು ಹಾಡಿದ ನಟನಿಗೆ ಗಾಂಧರ್ವನಿಂದ ಸಲ್ಲಬೇಕಾದ ಪ್ರಶಂಸೆಯನ್ನು ಔಚಿತ್ಯವಾದಿಯು ತಡೆಯಲಾಗದು. ಅದನ್ನು ತಡೆದುದರ ಫಲವಾಗಿಯೇ ಎಷ್ಟೋ ಹಾಡುಗಳು ಇಂದು ಕೇಳಲು ಸಿಕ್ಕುವುದಿಲ್ಲ.